ನೇತ್ರಾಣಿಯೋ, ಸೇಂಟ್ ಮೇರೀಸೋ, ಅಂಡಮಾನೋ: ಘಟ್ಟದ ಮೇಲಿನವರ ದ್ವೀಪಯಾನಕ್ಕೊಂದು ಲೆಕ್ಕಾಚಾರ

ಕರ್ನಾಟಕದ ಕಡಲಿನಲ್ಲಿ ಒಂದು ವಿಚಿತ್ರವಿದೆ. ಕಾಲಿಡಲು ಬಿಡುವ ದ್ವೀಪದ ಸುತ್ತ ನೀರಿನೊಳಗೆ ಹೆಚ್ಚೇನೂ ಕಾಣುವುದಿಲ್ಲ. ನೀರಿನೊಳಗೆ ಮೀನು, ಹವಳ ಕಾಣುವ ದ್ವೀಪಕ್ಕೆ ಕಾಲಿಡಲು ಬಿಡುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹೊರಡುವ ಎಷ್ಟೋ ಕುಟುಂಬಗಳು ಇದನ್ನು ತಿಳಿಯದೆಯೇ ಬೋಟಿಗೆ ಹಣ ಕಟ್ಟುತ್ತವೆ. ಮೊಬೈಲಿನಲ್ಲಿ ನೋಡಿದ ನೀಲಿ ನೀರು, ಬಿಳಿ ಮರಳು, ಬಣ್ಣದ ಮೀನು ಮೂರೂ ಒಂದೇ ದಿನ ಸಿಗುತ್ತವೆ ಎಂದು ಹೋದವರು ಮಲ್ಪೆಯ ಸೇಂಟ್ ಮೇರೀಸಿನಲ್ಲಿ ಮೀನು ಹುಡುಕುತ್ತಾರೆ, ನೇತ್ರಾಣಿಯಲ್ಲಿ ಮರಳು ಹುಡುಕುತ್ತಾರೆ. ಎರಡೂ ಕಡೆ ದೂರು ಒಂದೇ: ದುಡ್ಡು ದಂಡ.

ಆದ್ದರಿಂದ ದರ, ದೂರ, ರೇಟಿಂಗ್ ನೋಡುವ ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಇತ್ಯರ್ಥವಾಗಲಿ. ನಿಮಗೆ ದ್ವೀಪದ ಮೇಲೆ ಓಡಾಡಬೇಕೋ, ನೀರಿಗೆ ಮುಖ ಹಾಕಿ ಮೀನು ನೋಡಬೇಕೋ? ಉತ್ತರ ಸಿಕ್ಕ ಮೇಲೆ ಅರ್ಧ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ.

ನೀರು ಯಾಕೆ ಒಂದೆಡೆ ತಿಳಿ, ಇನ್ನೊಂದೆಡೆ ಕಲಕು ಎಂಬುದಕ್ಕೆ ಕಾರಣ ನಮ್ಮ ಮಲೆನಾಡಿನಲ್ಲೇ ಇದೆ. ಮಳೆಗಾಲದಲ್ಲಿ ನಮ್ಮ ಗುಡ್ಡಗಳಿಂದ ಇಳಿಯುವ ಕೆಂಪು ನೀರು ಹೊಳೆ ಹಿಡಿದು ಕಡಲಿಗೇ ಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆಗುಂಬೆ ಕಡೆಯ ಮಳೆನೀರು ಸೀತಾ ಹೊಳೆಯಾಗಿ ಇಳಿದು, ಸುವರ್ಣೆಯ ಜೊತೆಗೂಡಿ, ಮಲ್ಪೆಯ ಉತ್ತರಕ್ಕೆ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಹೊಳೆ ಹೊತ್ತು ತಂದ ಮಣ್ಣು ದಡದ ಸಮೀಪದಲ್ಲೇ ತೇಲಾಡುತ್ತದೆ, ಅಲೆಗಳು ತಳದ ಕೆಸರನ್ನು ಮತ್ತೆ ಮತ್ತೆ ಎಬ್ಬಿಸುತ್ತವೆ. ಹೀಗಾಗಿ ದಡಕ್ಕೆ ಹತ್ತಿರವಿರುವ ದ್ವೀಪಗಳ ಸುತ್ತ, ನವೆಂಬರ್ ಕಳೆದ ಮೇಲೂ, ಮಾಸ್ಕ್ ಹಾಕಿ ನೋಡಿದರೆ ಸ್ವಂತ ಪಾದ ಕಂಡರೆ ಅದೃಷ್ಟ. ಅಳಿವೆಯಿಂದ ದೂರ ಸರಿದಷ್ಟೂ ನೀರು ತಿಳಿಯಾಗುತ್ತದೆ. ಮಾಸ್ಕ್, ಬಾಯಿಗೊಂದು ನಳಿಕೆ ಹಾಕಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವ ಸ್ನಾರ್ಕೆಲಿಂಗಿಗೆ ಜಾಗ ಆರಿಸುವಾಗ ಭೂಪಟದಲ್ಲಿ ಹತ್ತಿರದ ಹೊಳೆ ಎಲ್ಲಿ ಕಡಲು ಸೇರುತ್ತದೆ ಎಂದು ಮೊದಲು ನೋಡಿ. ಇದಕ್ಕಿಂತ ನಂಬಿಕಸ್ಥ ಸುಳಿವು ಬೇರೆ ಇಲ್ಲ.

ನೇತ್ರಾಣಿ: ಮೀನು ನೋಡುವವರಿಗೆ

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಆಳ ಕಡಲಿನಲ್ಲಿ ಒಂಟಿಯಾಗಿ ನಿಂತ ಗುಡ್ಡ ಇದು. ಬ್ರಿಟಿಷರ ಕಾಲದ ನಕಾಶೆಗಳಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್ ಎಂಬ ಹೆಸರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಹೃದಯದ ಆಕಾರ ಕಾಣುತ್ತದೆಂದು ಎಲ್ಲರೂ ಹೇಳುತ್ತಾರೆ. ಬೋಟಿನಲ್ಲಿ ಕುಳಿತವರಿಗೆ ಕಾಣುವುದು ಕಡಿದಾದ ಬಂಡೆಯ ಗೋಡೆ, ಮೇಲೊಂದಿಷ್ಟು ಕಾಡು, ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲ ಹದ್ದು. ಪ್ರವಾಸಿಗರನ್ನು ಇಳಿಸುವುದಿಲ್ಲ, ಇಳಿಯುವಂಥ ಮರಳಿನ ದಡವೂ ಇಲ್ಲ.

ಹೋಗಲು ಒಂದರಿಂದ ಒಂದೂವರೆ ತಾಸು, ಬರಲು ಅಷ್ಟೇ. ಇದು ವಿಹಾರದ ದೋಣಿ ಎಂದುಕೊಂಡು ಅಜ್ಜಿಯನ್ನೂ ಕೈಗೂಸನ್ನೂ ಹತ್ತಿಸಬೇಡಿ. ಇಲ್ಲಿಯ ಬೋಟುಗಳನ್ನು ಹೊರಡಿಸುವವರು ಹೆಚ್ಚಾಗಿ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊರಿಸಿ ಆಳಕ್ಕೆ ಇಳಿಸುವ ಕೆಲಸ, ನಡೆಸುವವರು. ಸಿಲಿಂಡರ್, ಸೂಟು, ತರಬೇತುದಾರರು ಎಲ್ಲ ಸೇರಿ ಬೋಟು ಕೆಲಸದ ಜಾಗದಂತೆಯೇ ಇರುತ್ತದೆ. ಸ್ನಾರ್ಕೆಲಿಂಗ್ ಅಲ್ಲಿ ಎರಡನೇ ಸಾಲಿನ ಸೇವೆ. ಸ್ಕೂಬಾದವರು ಸರದಿಯಲ್ಲಿ ಇಳಿಯುತ್ತಿರುವಾಗ ಉಳಿದವರು ಮೇಲೆ ತೇಲುತ್ತಾರೆ.

ಆದರೆ ನೀರು! ಡಿಸೆಂಬರ್, ಜನವರಿಯ ಒಳ್ಳೆಯ ದಿನದಲ್ಲಿ ಬೋಟಿನಿಂದ ಬಗ್ಗಿದರೆ ಕೆಳಗಿನ ಬಂಡೆ ಕಾಣುತ್ತದೆ. ಮುಖ ಮುಳುಗಿಸಿದ ಕೂಡಲೇ ಹಳದಿ ಮೈಗೆ ಕಪ್ಪು ಪಟ್ಟೆ ಎಳೆದ ಸಾರ್ಜೆಂಟ್ ಮೇಜರ್ ಮೀನುಗಳು ಗುಂಪಾಗಿ ಬರುತ್ತವೆ. ಇವಕ್ಕೆ ಮನುಷ್ಯರ ಭಯವೇ ಇಲ್ಲ. ಸ್ವಲ್ಪ ಕೆಳಗೆ ಗಿಳಿಮೀನು ಬಂಡೆಯನ್ನು ಕೆರೆಯುತ್ತಿರುತ್ತದೆ. ಕಿವಿ ನೀರಿನಲ್ಲಿದ್ದರೆ ಆ ಕೆರೆತದ ಕಟಕಟ ಸದ್ದು ಕೇಳಿಸುತ್ತದೆ. ಹವಳದ ಮೇಲೆ ಬೆಳೆದ ಪಾಚಿಯನ್ನು ಕಲ್ಲಿನ ಸಮೇತ ಅಗಿದು, ಕಲ್ಲನ್ನು ಮರಳಾಗಿ ಹೊರಹಾಕುವ ಮೀನು ಅದು. ಚಿಟ್ಟೆಮೀನು, ಟ್ರಿಗರ್ ಮೀನು, ಕಲ್ಲಿನ ಸಂದಿಯಿಂದ ಬಾಯಿ ತೆರೆದು ನೋಡುವ ಮೊರೆ ಈಲ್, ದೂರದಲ್ಲಿ ಸಾಲಾಗಿ ನಿಂತ ಬರಾಕುಡಾ ಇವೆಲ್ಲ ಇಲ್ಲಿ ಅಪರೂಪವಲ್ಲ. ಕಡಲಾಮೆ ಕಂಡರೆ ಬೋನಸ್ ಎಂದುಕೊಳ್ಳಿ. ತಿಮಿಂಗಿಲ ಶಾರ್ಕ್ ತೋರಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ನಕ್ಕು ಮುಂದೆ ಹೋಗಿ.

ಈಜು ಬಾರದವರು ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ದಡದಿಂದ ನಿಧಾನವಾಗಿ ಆಳಕ್ಕೆ ಇಳಿಯುವ ಅನುಕೂಲ ನೇತ್ರಾಣಿಯಲ್ಲಿಲ್ಲ. ಬೋಟಿನ ಏಣಿಯಿಂದ ಕಾಲು ಬಿಟ್ಟರೆ ಕೆಳಗೆ ಎರಡು ಆಳಿಗಿಂತ ಹೆಚ್ಚು ನೀರು. ಲೈಫ್ ಜಾಕೆಟ್ ತೇಲಿಸುತ್ತದೆ, ಟ್ಯೂಬು ಹಿಡಿದುಕೊಂಡ ಗೈಡ್ ಪಕ್ಕದಲ್ಲಿರುತ್ತಾನೆ, ಉಪ್ಪುನೀರು ತಾನೇ ಮೇಲೆ ಎತ್ತುತ್ತದೆ. ಅಪಾಯಕ್ಕಿಂತ ಹೆದರಿಕೆ ಹೆಚ್ಚು ಎಂಬುದು ನಿಜ. ಆದರೆ ಹೆದರಿದವರು ಬಾಯಿಯ ನಳಿಕೆ ಕಿತ್ತೆಸೆದು ನೀರು ಕುಡಿಯುತ್ತಾರೆ, ಇಪ್ಪತ್ತು ನಿಮಿಷದ ಅವಕಾಶ ಅಷ್ಟರಲ್ಲೇ ಮುಗಿದಿರುತ್ತದೆ. ತುಂಗೆಯ ಮಡುವಿನಲ್ಲಿ ಈಜಿ ಬೆಳೆದವರಿಗೂ ಒಂದು ಎಚ್ಚರಿಕೆ: ಹೊಳೆಯ ಸೆಳೆತ ಯಾವ ಕಡೆಗೆ ಎಂದು ಕಣ್ಣಿಗೆ ಕಾಣುತ್ತದೆ, ಕಡಲಿನದು ಕಾಣುವುದಿಲ್ಲ. ಮೀನಿನ ಹಿಂದೆ ಹೋಗುತ್ತಾ ಹೋಗುತ್ತಾ ಬೋಟು ಎಲ್ಲಿದೆ ಎಂದೇ ಮರೆಯುತ್ತದೆ. ಈಜು ಬಂದರೂ ಜಾಕೆಟ್ ಬಿಚ್ಚಬೇಡಿ.

ಸ್ನಾರ್ಕೆಲಿಂಗ್ ಸಾಕೋ, ಸ್ಕೂಬಾ ಮಾಡಬೇಕೋ? ನೇತ್ರಾಣಿಯ ಮಟ್ಟಿಗೆ, ಆರೋಗ್ಯ ಸರಿ ಇದ್ದವರು ಸ್ಕೂಬಾ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಬೋಟಿನ ಸುಸ್ತು ಎರಡಕ್ಕೂ ಒಂದೇ. ಮೂರು ತಾಸು ಅಲುಗಾಡಿದ ಮೇಲೆ ಹವಳದ ಹತ್ತಿರಕ್ಕೇ ಹೋಗಿ ಬರುವುದು ಮೇಲು. ತರಬೇತಿ ಇಲ್ಲದವರನ್ನು ತರಬೇತುದಾರ ಹಿಂದಿನಿಂದ ಹಿಡಿದುಕೊಂಡೇ ಇಳಿಸುತ್ತಾನೆ. ಈಜು ಕಡ್ಡಾಯವಿಲ್ಲ. ಹತ್ತು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ, ಆಸ್ತಮಾ, ಕಿವಿಯ ಸಮಸ್ಯೆ ಇರುವವರು ಇಳಿಯಬಾರದು. ನೆಗಡಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೊಂದದೆ ಎರಡು ಮೀಟರ್ ಇಳಿಯುವಷ್ಟರಲ್ಲಿ ಪ್ರಾಣ ಹೋದಂತಾಗುತ್ತದೆ.

ಸೇಂಟ್ ಮೇರೀಸ್: ಕಾಲಿಡುವವರಿಗೆ

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ತಾಸಿನೊಳಗೆ ಮುಟ್ಟುವ ಈ ದ್ವೀಪಕ್ಕೆ ಸ್ನಾರ್ಕೆಲಿಂಗ್ ಆಸೆಯಿಂದ ಹೋಗಬೇಡಿ. ಕಲ್ಲು ನೋಡಲು ಹೋಗಿ. ಯಾರೋ ಉಳಿ ಹಿಡಿದು ಕೆತ್ತಿ ನಿಲ್ಲಿಸಿದಂತೆ, ಐದು ಮೂಲೆ ಆರು ಮೂಲೆಯ ಕಂಬಗಳು ಸಾಲುಸಾಲಾಗಿ ನೀರಿನಿಂದ ಎದ್ದಿವೆ. ಜ್ವಾಲಾಮುಖಿಯ ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟು ಆದ ಆಕಾರ ಅದು. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದು ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇಟ್ಟಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಎಂಬ ಕಥೆಯನ್ನು ದೋಣಿಯವರು ಹೇಳಿಯೇ ಹೇಳುತ್ತಾರೆ. ಕಲ್ಲಿನ ಕಥೆ ಅದಕ್ಕಿಂತ ದೊಡ್ಡದು, ಆದರೆ ಅದನ್ನು ಹೇಳುವವರು ಕಡಿಮೆ.

ಟಿಕೆಟ್ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ನೇತ್ರಾಣಿಯದು ಸಾವಿರದ ಲೆಕ್ಕ. ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ಇದೇ ಸರಿಯಾದ ಆಯ್ಕೆ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ, ಗುರುತು ಹಾಕಿದ ಜಾಗ ಬಿಟ್ಟು ನೀರಿಗೆ ಇಳಿಯುವಂತಿಲ್ಲ. ಬಂಡೆಗಳ ಮೇಲೆ ಪಾಚಿ ಇರುತ್ತದೆ, ಅಂಚಿನಲ್ಲಿ ನಿಂತು ಫೋಟೊ ತೆಗೆಸುವವರನ್ನು ಅಲೆ ಎಳೆದುಕೊಂಡ ಉದಾಹರಣೆಗಳಿವೆ. ನೆರಳು ಕಡಿಮೆ, ಸಿಹಿನೀರು ಹೊತ್ತುಕೊಂಡೇ ಹೋಗಿ. ವಾರಾಂತ್ಯದ ಮಧ್ಯಾಹ್ನ ಸಂತೆಯ ಗದ್ದಲ. ಬೆಳಗಿನ ಮೊದಲ ದೋಣಿ ಹಿಡಿದರೆ ಕಂಬಗಳ ನಡುವೆ ನಿಮ್ಮ ಮಾತು ನಿಮಗೆ ಕೇಳಿಸುತ್ತದೆ.

ಮಲ್ಪೆಯ ಇನ್ನೊಂದು ಅನುಕೂಲವೆಂದರೆ ದೋಣಿ ಹೊರಡದಿದ್ದರೂ ದಿನ ಹಾಳಾಗುವುದಿಲ್ಲ. ಉಡುಪಿಯ ಮಠ, ಮಲ್ಪೆಯ ಮೀನುಗಾರಿಕೆ ಬಂದರು, ಒಂದು ಮೀನೂಟ ಅಥವಾ ಮಸಾಲೆದೋಸೆ ಎಲ್ಲ ಹತ್ತಿರದಲ್ಲೇ ಇವೆ.

ಕಾರವಾರ ಮತ್ತು ಹೊನ್ನಾವರದ ದ್ವೀಪಗಳು

ಒಂದಾದ ಮೇಲೊಂದು ದ್ವೀಪ ಸುತ್ತುವ ಆಸೆಗೆ ನಕಾಶೆಯ ಮೇಲೆ ಕಾರವಾರವೇ ಸರಿ. ನರಸಿಂಹ ದೇವಸ್ಥಾನವಿರುವ ಕುರುಮಗಡ, ದೀಪಸ್ತಂಭವಿರುವ ದೇವಗಡ, ಅತ್ತ ಅಂಜದೀವ. ಆದರೆ ಅಂಜದೀವ ನೌಕಾಪಡೆಯ ವಶದಲ್ಲಿದೆ, ಅಲ್ಲಿಗೆ ಪ್ರವೇಶವಿಲ್ಲ. ಕಾಳಿ ನದಿಯ ಅಳಿವೆ ಪಕ್ಕದಲ್ಲೇ ಇರುವುದರಿಂದ ನೀರು ತಿಳಿಯಿರುವುದಿಲ್ಲ. ಡಾಲ್ಫಿನ್ ನೋಡಲು, ದೇವಬಾಗದ ಮರಳಿನಲ್ಲಿ ಕೂರಲು ಹೋಗಿ, ಮಾಸ್ಕ್ ಮನೆಯಲ್ಲೇ ಇರಲಿ.

ಹೊನ್ನಾವರದ ಎದುರಿಗಿರುವ ಬಸವರಾಜದುರ್ಗ ನಮ್ಮವರಿಗೆ ಬೇರೆ ಕಾರಣಕ್ಕೆ ಆಪ್ತ. ಕೆಳದಿ ಅರಸರ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಅದು. ಸಾಗರದ ಪಕ್ಕದ ಪುಟ್ಟ ಊರಿನಿಂದ ಹೊರಟ ರಾಜ್ಯದ ಕೈ ಕಡಲಿನ ನಡುವಿನ ಗುಡ್ಡದವರೆಗೆ ಚಾಚಿತ್ತು ಎಂದು ಕಣ್ಣಾರೆ ನೋಡಬಹುದು. ನಿಯಮಿತ ದೋಣಿ ಸೇವೆಯನ್ನು ನಂಬಿಕೊಂಡು ಹೋಗುವ ಜಾಗ ಅಲ್ಲ. ಇತಿಹಾಸದ ಹುಚ್ಚು ಇರುವವರು, ಸ್ಥಳೀಯರ ಪರಿಚಯ ಮತ್ತು ಅನುಮತಿ ಎರಡನ್ನೂ ಮುಂಚೆಯೇ ಹೊಂದಿಸಿಕೊಂಡವರು ಮಾತ್ರ ಯೋಚಿಸಲಿ.

ಎರಡೂ ಬೇಕೆನ್ನುವವರಿಗೆ

ಒಂದೇ ದಿನ ದ್ವೀಪವನ್ನೂ ತುಳಿಯಬೇಕು, ಮೀನನ್ನೂ ನೋಡಬೇಕು ಎಂದರೆ ರಾಜ್ಯದ ಗಡಿ ದಾಟಬೇಕು. ರಸ್ತೆಯಲ್ಲಿ ಹೋಗಬಹುದಾದ ಜಾಗ ಮಹಾರಾಷ್ಟ್ರದ ಮಾಲವಣ. ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕಡಲಿನ ನಡುವೆ ಇದೆ, ದೋಣಿಯಲ್ಲಿ ಸ್ವಲ್ಪವೇ ಹೊತ್ತು. ಕೋಟೆಯ ಸುತ್ತಮುತ್ತಲಿನ ಆಳ ಕಡಿಮೆಯ ನೀರಿನಲ್ಲೇ ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ನೇತ್ರಾಣಿಯಷ್ಟು ತಿಳಿಯಾದ ನೀರಲ್ಲ. ಆದರೆ ಮೊದಲ ಬಾರಿ ಮುಖ ಮುಳುಗಿಸುವ ಮಕ್ಕಳಿಗೆ ಆಳವಿಲ್ಲದ ಜಾಗವೇ ಒಳ್ಳೆಯದು. ಗೋವಾ ದಾಟಿ ಇನ್ನೂ ಉತ್ತರಕ್ಕೆ ಹೋಗಬೇಕಾದ್ದರಿಂದ ಎರಡು ರಾತ್ರಿಯ ಕಾರ್ಯಕ್ರಮ ಹಾಕಿಕೊಳ್ಳಿ.

ಗೋವಾದ ಗ್ರಾಂಡೆ ದ್ವೀಪದ ಬೋಟುಗಳ ಜಾಹೀರಾತು ನಮ್ಮ ಕಡೆಯ ಹುಡುಗರ ಮೊಬೈಲಿಗೆ ಹೆಚ್ಚು ಬರುತ್ತದೆ. ಡಾಲ್ಫಿನ್, ಊಟ, ಸಂಗೀತ, ಸ್ನಾರ್ಕೆಲಿಂಗ್ ಎಲ್ಲ ಒಂದೇ ಪ್ಯಾಕೇಜಿನಲ್ಲಿ. ಜುವಾರಿ, ಮಾಂಡೋವಿ ಎರಡು ನದಿಗಳ ಬಾಯಿ ಹತ್ತಿರವೇ ಇರುವುದರಿಂದ ನೀರಿನ ವಿಷಯದಲ್ಲಿ ನೇತ್ರಾಣಿ ಮುಂದೆ ಅದು ಸಪ್ಪೆ. ಗೆಳೆಯರ ಗುಂಪಿಗೆ ಗಮ್ಮತ್ತು ಮುಖ್ಯ, ಮೀನು ನೆಪ ಎಂದಾದರೆ ಹೋಗಿ ಬನ್ನಿ. ಮೀನೇ ಮುಖ್ಯ ಎಂದಾದರೆ ಅಷ್ಟು ದೂರ ಹೋಗುವುದು ದಂಡ, ಮುರ್ಡೇಶ್ವರ ಅರ್ಧ ದಾರಿಯಲ್ಲೇ ಇದೆ.

ಅಂಡಮಾನ್ ಬೇರೆಯೇ ಲೋಕ. ವಿಮಾನದ ಖರ್ಚು, ಕನಿಷ್ಠ ಐದಾರು ದಿನ ರಜೆ ಎರಡೂ ಇರುವವರು ಉಳಿದ ಪಟ್ಟಿಯನ್ನೇ ಮುಚ್ಚಿಡಬಹುದು. ಸ್ವರಾಜ್ ದ್ವೀಪದ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನ, ಎಲಿಫೆಂಟ್ ಬೀಚಿಗೆ ದೋಣಿಯಲ್ಲಿ ಹೋದರೆ ಸೊಂಟದ ಮಟ್ಟದ ನೀರಿನಿಂದಲೇ ಹವಳ ಶುರು. ಹೆಜ್ಜೆ ಊರಿಕೊಂಡು ಉಸಿರಾಟ ಅಭ್ಯಾಸ ಮಾಡಿ, ಧೈರ್ಯ ಬಂದ ಮೇಲೆ ತೇಲಬಹುದು. ಹೆಜ್ಜೆ ಊರುವುದು ಮರಳಿನ ಮೇಲೆ ಮಾತ್ರ, ಹವಳದ ಮೇಲೆ ಕಾಲಿಟ್ಟರೆ ಅದೂ ಸಾಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ. ವಂಡೂರಿನಿಂದ ಹೊರಡುವ ಜಾಲಿ ಬಾಯ್ ದ್ವೀಪ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಪ್ಲಾಸ್ಟಿಕ್ ಬಾಟಲಿ, ಚೀಲ ಒಯ್ಯುವಂತಿಲ್ಲ. ಈ ದ್ವೀಪವನ್ನು ವರ್ಷದ ಒಂದು ಭಾಗ ಮುಚ್ಚಿ, ಆಗ ರೆಡ್ ಸ್ಕಿನ್ ಎಂಬ ಇನ್ನೊಂದನ್ನು ತೆರೆಯುತ್ತಾರೆ. ಹವಳಕ್ಕೆ ಉಸಿರಾಡಲು ಬಿಡುವ ಈ ಪದ್ಧತಿಯನ್ನು ನಮ್ಮ ಕಡೆಯ ಜಲಪಾತಗಳಿಗೂ ತಂದರೆ ಚೆನ್ನ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹಾಗೆಂದು ಅಂಡಮಾನಿನ ಹವಳವೆಲ್ಲ ಚಿತ್ರದಲ್ಲಿರುವಷ್ಟು ಬಣ್ಣವಾಗಿಲ್ಲ. ಕಡಲು ಬಿಸಿಯೇರಿ 2010ರಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಿಚಿಕೊಂಡಿತ್ತು.

ಲಕ್ಷದ್ವೀಪದ ನೀರು ಇವೆಲ್ಲಕ್ಕಿಂತ ಸೊಗಸು. ಅಲ್ಲಿ ನದಿಯೇ ಇಲ್ಲ, ಮಣ್ಣು ಬರುವುದೆಲ್ಲಿಂದ? ಹವಳದ ಉಂಗುರದೊಳಗಿನ ಲಗೂನು ಶಾಂತವಾಗಿ, ಆಳವಿಲ್ಲದೆ ಇರುತ್ತದೆ, ಈಜು ಬಾರದವರಿಗೂ ಹಿತ. ಆದರೆ ಪ್ರವೇಶ ಪರವಾನಗಿ ಕಡ್ಡಾಯ, ಸಾಮಾನ್ಯವಾಗಿ ಕೊಚ್ಚಿಯಿಂದ ಹಡಗು ಅಥವಾ ವಿಮಾನ ಹಿಡಿಯಬೇಕು, ತಿಂಗಳುಗಳ ಮುಂಚೆ ತಯಾರಿ ಬೇಕು. ನಾಳಿದ್ದು ಹೊರಡೋಣ ಎನ್ನುವವರ ಜಾಗ ಅಲ್ಲ.

ಮನೆಯ ಹಿತ್ತಿಲಿನ ದ್ವೀಪಗಳು

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಮುಳುಗಿದ ಊರುಗಳ ಗುಡ್ಡದ ತುದಿಗಳೇ ಇಂದು ಶರಾವತಿ ಹಿನ್ನೀರಿನ ದ್ವೀಪಗಳು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಹೊಳೆಬಾಗಿಲಿನ ಲಾಂಚಿಗೆ ಕಾಯುವ ಕಾಲ ಮುಗಿಯಿತು. ಹಿನ್ನೀರಿನ ಮೇಲೆ ಸಾಗುವ ಸುಖವೂ ಅದರ ಜೊತೆಗೇ ಕಡಿಮೆಯಾಯಿತು. ಆ ಸುಖ ಬೇಕಾದವರಿಗೆ ಸಾಗರದ ಹತ್ತಿರದ ಹೊನ್ನೇಮರಡು ಇದೆ. ಹರಿಗೋಲು, ಕಯಾಕ್, ಲೈಫ್ ಜಾಕೆಟ್ ಹಾಕಿ ತೇಲುವುದು, ದ್ವೀಪದವರೆಗೆ ಹುಟ್ಟು ಹಾಕುವುದು ಎಲ್ಲ ಸಾಧ್ಯ. ಸ್ನಾರ್ಕೆಲಿಂಗಿಗೆ ಮಾತ್ರ ಇದು ಜಾಗವಲ್ಲ. ನೀರು ಕಂದು, ತಳದಲ್ಲಿ ಮುಳುಗಡೆಯ ಮರಗಳ ಬೊಡ್ಡೆಗಳು. ಗುರುತಿಲ್ಲದ ಕಡೆ ಧುಮುಕುವುದು ಅಪಾಯ.

ಆದರೂ ನೇತ್ರಾಣಿಗೆ ಅಥವಾ ಅಂಡಮಾನಿಗೆ ಹಣ ಕಟ್ಟುವ ಮೊದಲು ಈಜು ಬಾರದವರನ್ನು ಒಂದು ದಿನ ಇಲ್ಲಿಗೆ ಕರೆತನ್ನಿ. ಜಾಕೆಟ್ ಹಾಕಿ ಬೆನ್ನ ಮೇಲೆ ತೇಲಲು, ಮುಖ ಮುಳುಗಿಸಿ ಬಾಯಿಯಿಂದ ಉಸಿರಾಡಲು ಸಾಧ್ಯವಾದರೆ ಕಡಲಿನಲ್ಲಿ ಅರ್ಧ ಕೆಲಸ ಮುಗಿದಂತೆ. ಇಲ್ಲೇ ಗಾಬರಿಯಾದರೆ ಸೇಂಟ್ ಮೇರೀಸ್ ಸಾಕು ಎಂದು ತಿಳಿಯುತ್ತದೆ, ಸಾವಿರಾರು ರೂಪಾಯಿ ಉಳಿಯುತ್ತದೆ. ಹಕ್ಕಿ ನೋಡುವವರಿಗಂತೂ ಕಡಲೇ ಬೇಡ. ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತೆರೆದುಕೊಳ್ಳುವ ಬೇಸಿಗೆಯಲ್ಲಿ ಲಕ್ಕವಳ್ಳಿ ಕಡೆಯಿಂದ ದೋಣಿಯಲ್ಲಿ ಹೋದರೆ ಸಾವಿರಾರು ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಟ್ಟು ಕೂತಿರುತ್ತವೆ.

ಘಾಟಿ, ಹೊಟ್ಟೆ ಮತ್ತು ಹಿಂತಿರುಗುವ ದಾರಿ

ನಮ್ಮವರಿಗೆ ಕಡಲಿಗಿಂತ ಮೊದಲು ಘಾಟಿ. ಮಲ್ಪೆಗೆ ಹೋಗುವವರು ಆಗುಂಬೆಯ ಹದಿನಾಲ್ಕು ತಿರುವು ಇಳಿಯಬೇಕು. ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧವಿರುವುದರಿಂದ ದೊಡ್ಡ ಬಸ್ಸು ಮಾಡಿಕೊಂಡವರು ಹುಲಿಕಲ್ ಘಾಟಿ ಹಿಡಿಯುತ್ತಾರೆ. ಮುರ್ಡೇಶ್ವರಕ್ಕೆ ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಘಾಟಿ ಇಳಿದು ಹೊನ್ನಾವರ. ಕಾರ್ಗಲ್ ಕಡೆಯವರಿಗೆ ಕೋಗಾರು ಘಾಟಿಯಿಂದ ಭಟ್ಕಳಕ್ಕೆ ಇಳಿದು ಹೋಗುವ ದಾರಿಯೂ ಇದೆ. ತಿರುವಿನಲ್ಲೇ ಹೊಟ್ಟೆ ತೊಳಸಿದವರು ಅದೇ ಬೆಳಿಗ್ಗೆ ನೇತ್ರಾಣಿಯ ಬೋಟು ಹತ್ತಿದರೆ ಮೀನುಗಳಿಗೆ ಊಟ, ಅವರಿಗೆ ಉಪವಾಸ. ನಡುರಾತ್ರಿ ಶಿವಮೊಗ್ಗ ಬಿಟ್ಟು ಬೆಳಗಿನ ಬೋಟು ಹಿಡಿಯುವ ಸಾಹಸ ಬಿಟ್ಟುಬಿಡಿ. ಹಿಂದಿನ ದಿನವೇ ಇಳಿದು ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ಮಲಗಿ.

ಬೆಳಿಗ್ಗೆ ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಖಾಲಿ ಹೊಟ್ಟೆ ಪೂರಿ ತಿಂದ ಹೊಟ್ಟೆಯಷ್ಟೇ ಕೆಟ್ಟದ್ದು. ಅವೋಮಿನ್ ಮಾತ್ರೆ ತೆಗೆದುಕೊಳ್ಳುವವರು ಬೋಟಿನಲ್ಲಿ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಒಂದೆರಡು ತಾಸು ಮೊದಲೇ ಬೇಕು. ಅದು ನಿದ್ದೆ ತರುವುದರಿಂದ ವೈದ್ಯರನ್ನು ಕೇಳಿ, ಸ್ಕೂಬಾ ಮಾಡುವವರು ತರಬೇತುದಾರನಿಗೂ ಹೇಳಿ. ಕೂರುವುದಾದರೆ ಬೋಟಿನ ನಡುವೆ ಅಥವಾ ಹಿಂಭಾಗದಲ್ಲಿ, ಡೀಸೆಲ್ ಹೊಗೆ ಬಾರದ ಕಡೆ. ಕಣ್ಣು ದಿಗಂತದ ಮೇಲಿರಲಿ, ಮೊಬೈಲಿನ ಮೇಲೆ ಬೇಡ.

ಹಿಂತಿರುಗುವ ದಾರಿಯ ಬಗ್ಗೆ ಹೇಳುವವರು ಕಡಿಮೆ. ಸ್ಕೂಬಾ ಮಾಡಿದ ಮೇಲೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ತಾಸು, ಹೆಚ್ಚು ಸಲ ಇಳಿದಿದ್ದರೆ 18 ತಾಸು ವಿಮಾನ ಹತ್ತಬಾರದು ಎಂಬುದು ಡೈವಿಂಗಿನವರ ನಿಯಮ. ಆಳದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಒತ್ತಡ ಕಡಿಮೆಯಾದ ಎತ್ತರದಲ್ಲಿ ಗುಳ್ಳೆಯಾಗಿ ಹೊರಬರಬಹುದು. ಈ ಎಚ್ಚರಿಕೆ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ, ಸಾಗರ, ಆಗುಂಬೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಒಂದು ಸಲ, ಕಡಿಮೆ ಆಳಕ್ಕೆ ಇಳಿದವರಿಗೆ ಅಪಾಯ ಸಣ್ಣದು. ಆದರೂ ಮಧ್ಯಾಹ್ನ ಮೇಲೆ ಬಂದು ಸಂಜೆಯೇ ಘಾಟಿ ಹತ್ತುವ ಬದಲು ಕರಾವಳಿಯಲ್ಲೇ ಇನ್ನೊಂದು ರಾತ್ರಿ ಉಳಿಯುವುದು ಕ್ಷೇಮ. ಮರುದಿನ ಬೆಳಿಗ್ಗೆಯೇ ಕೊಡಚಾದ್ರಿ ಹತ್ತುವ ಯೋಜನೆ ಇದ್ದರೆ ಅದರ ಎತ್ತರ 1,343 ಮೀಟರ್ ಎಂದು ನೆನಪಿರಲಿ, ತರಬೇತುದಾರನನ್ನು ಕೇಳದೆ ಹೊರಡಬೇಡಿ. ನೀರಿನ ಮೇಲೆಯೇ ತೇಲಿದ ಸ್ನಾರ್ಕೆಲಿಂಗಿನವರಿಗೆ ಈ ತಾಪತ್ರಯ ಇಲ್ಲ. ಒಂದೇ ರಾತ್ರಿ ಬಿಡುವಿರುವವರಿಗೆ ಸ್ನಾರ್ಕೆಲಿಂಗ್ ಆರಿಸಲು ಇದೇ ದೊಡ್ಡ ಕಾರಣ.

ಯಾವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಅಕ್ಟೋಬರಿನಲ್ಲಿ ಬೋಟು ಶುರುವಾದರೂ ಮಳೆಗಾಲದ ಮಣ್ಣು ಇನ್ನೂ ತಳ ಕಂಡಿರುವುದಿಲ್ಲ. ನೀರು ಅತಿ ತಿಳಿಯಾಗಿರುವುದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಮನೆ ತುಂಬಿರುವುದೂ ಸರಿಯಾಗಿ ಅದೇ ಹೊತ್ತಿಗೆ. ಕೆಲಸದವರು ಬಂದ ದಿನ ಯಜಮಾನ ಕಡಲಿಗೆ ಹೋದರೆ ಊರವರು ಸುಮ್ಮನಿರುತ್ತಾರೆಯೇ? ಕೊಯ್ಲು ಮುಗಿದು ಮಕ್ಕಳಿಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಗಾಳಿ ಜೋರು, ಬಿಸಿಲು ಹೆಚ್ಚು, ಮುರ್ಡೇಶ್ವರದಲ್ಲಿ ಜನಜಂಗುಳಿ. ತೋಟದವರಿಗೆ ನಾನು ಹೇಳುವುದು ಫೆಬ್ರುವರಿಯ ಕೊನೆ ಅಥವಾ ಮಾರ್ಚಿನ ಮೊದಲ ವಾರ, ವಾರದ ನಡುವಿನ ದಿನ. ಮೇ ತಿಂಗಳೇ ಗತಿ ಎನ್ನುವವರು ಬೆಳಗಿನ ಮೊದಲ ಬೋಟನ್ನೇ ಹಿಡಿಯಿರಿ. ಹೊತ್ತು ಏರಿದಂತೆ ಕಡಲಗಾಳಿ ಎದ್ದು ನೀರು ಕುಣಿಯತೊಡಗುತ್ತದೆ.

ಹಣ ಕೊಡುವ ಮೊದಲು

ದರದ ಚೌಕಾಸಿಗಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ. ನೀರಿನಲ್ಲಿ ಎಷ್ಟು ನಿಮಿಷ ಬಿಡುತ್ತೀರಿ? ಒಬ್ಬ ಗೈಡಿಗೆ ಎಷ್ಟು ಜನ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ದಡ ಬಿಟ್ಟ ಮೇಲೆ ಗಾಳಿ ಎದ್ದು ಹಿಂತಿರುಗಿದರೆ ಹಣ ವಾಪಸ್ಸೋ, ಬೇರೆ ದಿನವೋ? ‘ಏನೂ ಆಗಲ್ಲ ಬನ್ನಿ ಸಾರ್’ ಎಂಬುದು ಇದಕ್ಕೆ ಉತ್ತರವಲ್ಲ. ‘ನಾಳೆ ಬೆಳಿಗ್ಗೆ ಸಮುದ್ರ ನೋಡಿ ಹೇಳುತ್ತೇವೆ’ ಎನ್ನುವವರನ್ನು ನಂಬಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ಸಂಜೆ ಅದನ್ನೊಮ್ಮೆ ನೋಡಿಕೊಳ್ಳಿ.

ಮಾಸ್ಕ್ ವಿಷಯದಲ್ಲಿ ನಾಚಿಕೆ ಬೇಡ, ಎರಡು ಮೂರು ಹಾಕಿ ನೋಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಅಳತೆ. ದಪ್ಪ ಮೀಸೆಯವರಿಗೆ ತುಟಿಯ ಮೇಲಿನಿಂದ ನೀರು ಸೋರುತ್ತದೆ, ಅಲ್ಲಿ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ತಡೆಯುತ್ತದೆ. ಗಾಜು ಮಂಜಾಗದಂತೆ ಒಳಗೆ ಉಗುಳು ಸವರಿ ತೊಳೆಯುವುದು ಎಲ್ಲ ಕಡೆಯ ಪದ್ಧತಿ, ಅಸಹ್ಯ ಪಡುವವರು ಮಕ್ಕಳ ಶಾಂಪೂ ಒಂದು ಹನಿ ಒಯ್ಯಿರಿ. ಮಾಸ್ಕ್ ಒಳಗೆ ಕನ್ನಡಕ ಕೂರುವುದಿಲ್ಲ, ನಂಬರ್ ಹೆಚ್ಚಿದ್ದರೆ ಪವರ್ ಇರುವ ಮಾಸ್ಕ್ ಇದೆಯೇ ಎಂದು ಮುಂಚೆಯೇ ವಿಚಾರಿಸಿ. ತೇಲುವಾಗ ಬಿಸಿಲು ಬೀಳುವುದು ಬೆನ್ನಿಗೆ ಮತ್ತು ಮೀನಖಂಡಕ್ಕೆ. ತುಂಬು ತೋಳಿನ ಅಂಗಿ, ಉದ್ದದ ಪ್ಯಾಂಟು ಹಾಕಿಕೊಂಡರೆ ಸನ್‌ಸ್ಕ್ರೀನ್ ಬಳಿದುಕೊಂಡು ಹವಳಕ್ಕೆ ಉಣಿಸುವುದೂ ತಪ್ಪುತ್ತದೆ.

ಹಾಗೂ ಬೆಳಿಗ್ಗೆ ಫೋನು ಬಂದು ಬೋಟು ರದ್ದು ಎಂದರೆ ಮುರ್ಡೇಶ್ವರದ ಜನಸಂದಣಿಯಲ್ಲಿ ದಿನ ಕಳೆಯಬೇಡಿ. ಹೊನ್ನಾವರಕ್ಕೆ ಬನ್ನಿ. ಕಡಲು ಒರಟಾಗಿದ್ದಾಗಲೂ ಶರಾವತಿಯ ಒಳನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಸುತ್ತಾಡಿಸುತ್ತಾರೆ. ಅಲ್ಲಿಯೇ ಕಾಸರಕೋಡಿನ ಕಡಲತೀರ ಸ್ವಚ್ಛವಾಗಿದೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕ ತೀರಗಳಲ್ಲಿ ಅದೂ ಒಂದು. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಕತ್ತಲಾಗುವ ಮೊದಲೇ ಘಾಟಿ ಹತ್ತಬಹುದು, ಆ ದಿನ ಯಾರೂ ಸ್ಕೂಬಾ ಮಾಡಿರುವುದಿಲ್ಲವಲ್ಲ.